ಗೆರೆ ಮೂಡಿದ ಮೇಲೆ ಏನು?

ಜ್ವರಕ್ಕೆ ಕಾರಣ ನೂರೆಂಟು. ಮಲೇರಿಯಾ ಇರಬಹುದು, ಡೆಂಗಿ ಇರಬಹುದು, ಟೈಫಾಯ್ಡ್, ನ್ಯುಮೋನಿಯಾ, ಮೂತ್ರದ ಸೋಂಕು ಇರಬಹುದು. ನಾಲ್ಕು ದಿನದಲ್ಲಿ ತಾನಾಗಿಯೇ ಹೋಗುವ ಯಾವುದೋ ವೈರಸ್ ಕೂಡ ಆಗಿರಬಹುದು. ಹಣೆ ಮುಟ್ಟಿ ನೋಡಿದರೆ ಎಲ್ಲದರ ಬಿಸಿಯೂ ಒಂದೇ. ವ್ಯತ್ಯಾಸ ಹೇಳಬೇಕಾದದ್ದು ಲ್ಯಾಬ್. ಲ್ಯಾಬ್ ಅಂದರೆ ಕರೆಂಟು, ನೀರು, ಫ್ರಿಜ್, ಸೂಕ್ಷ್ಮದರ್ಶಕ, ರಾಸಾಯನಿಕಗಳು. ಎಲ್ಲಕ್ಕಿಂತ ಮುಖ್ಯವಾಗಿ ಕೆಲಸ ಗೊತ್ತಿರುವ ಟೆಕ್ನಿಷಿಯನ್. ಜಗತ್ತಿನ ಎಷ್ಟೋ ಕಡೆ ಇವುಗಳಲ್ಲಿ ಒಂದಿದ್ದರೆ ಇನ್ನೊಂದಿಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ರಚಿಸಿದ್ದ ಆಯೋಗ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ವಿಶ್ವದ ಶೇ 47ರಷ್ಟು ಜನರಿಗೆ ರೋಗ ಪತ್ತೆ ಪರೀಕ್ಷೆಗಳು ಸಿಗುವುದೇ ಇಲ್ಲ, ಸಿಕ್ಕರೂ ಅಷ್ಟಕ್ಕಷ್ಟೇ. ಹೆಚ್ಚುಕಮ್ಮಿ ಅರ್ಧ ಜಗತ್ತಿನ ಪಾಲಿಗೆ ಚಿಕಿತ್ಸೆ ಅನ್ನುವುದು ಅಂದಾಜಿನ ಮೇಲೆ ನಡೆಯುತ್ತಿದೆ.

ಈ ಕೊರತೆಗೆ ಸಿಕ್ಕ ಉತ್ತರವೇ ಕೈಚೀಲದಲ್ಲಿ ಹಿಡಿಸುವ ಪರೀಕ್ಷೆಗಳು. ಬೆರಳ ತುದಿಯ ಒಂದು ಹನಿ ರಕ್ತ, ಒಂದು ಪ್ಲಾಸ್ಟಿಕ್ ಪಟ್ಟಿ, ಹದಿನೈದು ಇಪ್ಪತ್ತು ನಿಮಿಷ. ಮಲೇರಿಯಾ, ಎಚ್‌ಐವಿ, ಸಿಫಿಲಿಸ್, ಕೋವಿಡ್ ಎಲ್ಲದಕ್ಕೂ ಇಂಥ ಕಿಟ್‌ಗಳಿವೆ. ಇವು ಹೇಗಿರಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಬಳಗದವರು ಇಪ್ಪತ್ತು ವರ್ಷಗಳ ಹಿಂದೆಯೇ ಒಂದು ಅಳತೆಗೋಲು ಮಾಡಿಟ್ಟರು. ಬೆಲೆ ಕಮ್ಮಿ ಇರಬೇಕು. ರೋಗ ಇದ್ದವರನ್ನು ಬಿಡಬಾರದು, ಇಲ್ಲದವರನ್ನು ಹಿಡಿಯಬಾರದು. ಬಳಸೋದು ಸುಲಭ ಆಗಿರಬೇಕು, ಬೇಗ ಉತ್ತರ ಕೊಡಬೇಕು, ಬಿಸಿಲು ಧೂಳಿಗೆ ಹಾಳಾಗಬಾರದು. ಯಂತ್ರ ಬೇಕಾಗಬಾರದು. ಕೊನೆಯದಾಗಿ, ಬೇಕಾದವರ ಕೈಗೆ ತಲುಪಬೇಕು.

ಹೊಸ ಕಿಟ್ ಬಂತು ಅಂದಾಗ ಸುದ್ದಿಯಾಗುವುದು ಎರಡೇ ವಿಷಯ. ಎಷ್ಟು ಅಗ್ಗ, ಎಷ್ಟು ನಿಮಿಷ. ಅದಾದ ಮೇಲಿನ ಕಥೆ ಯಾರಿಗೂ ಬೇಕಾಗಿಲ್ಲ. ಉತ್ತರ ಬಂದ ಮೇಲೆ ಆ ರೋಗಿಗೆ ಏನಾಗುತ್ತದೆ? ಒಂದು ಪರೀಕ್ಷೆ ಒಳ್ಳೆಯದೋ ಅಲ್ಲವೋ ಅನ್ನುವುದನ್ನು ಈ ಪ್ರಶ್ನೆಯಿಂದಲೇ ಅಳೆಯಬೇಕು ಅನ್ನುವುದು ನನ್ನ ನಿಲುವು. ಅದಕ್ಕೆ ಕಾರಣಗಳಿವೆ.

ಮೊದಲು ಪಟ್ಟಿಯನ್ನೇ ಹತ್ತಿರದಿಂದ ನೋಡೋಣ. ಮಲೇರಿಯಾ ಕಿಟ್ ತೆಗೆದುಕೊಳ್ಳಿ. ಒಂದು ಬದಿಯ ಗುಳಿಯೊಳಗೆ ರಕ್ತ ಹಾಕಬೇಕು. ಅದೂ ಸಾಮಾನ್ಯವಾಗಿ 5 ಮೈಕ್ರೊಲೀಟರ್, ಅಂದರೆ ಗುಂಡುಸೂಜಿಯ ತಲೆಯಷ್ಟು. ಪಕ್ಕದ ಗುಳಿಯೊಳಗೆ, ರಕ್ತವನ್ನು ಮುಂದಕ್ಕೆ ಹರಿಸುವ ಬಫರ್ ದ್ರವದ ಕೆಲವು ಹನಿ. ಒಳಗಿರುವ ಪಟ್ಟಿ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ, ದ್ರವವನ್ನು ತಾನೇ ಮುಂದಕ್ಕೆ ಎಳೆದುಕೊಳ್ಳುತ್ತದೆ. ಪಂಪು ಬೇಡ, ಬ್ಯಾಟರಿ ಬೇಡ. ದಾರಿಯಲ್ಲಿ ಚಿನ್ನದ ಅತಿಸಣ್ಣ ಕಣಗಳಿಗೆ ಅಂಟಿಸಿಟ್ಟ ಪ್ರತಿಕಾಯಗಳು (ಒಂದು ನಿರ್ದಿಷ್ಟ ವಸ್ತುವನ್ನೇ ಹಿಡಿಯುವ ಪ್ರೋಟೀನುಗಳು) ಕಾದು ಕೂತಿರುತ್ತವೆ. ರಕ್ತದಲ್ಲಿ ಮಲೇರಿಯಾ ಪರಾವಲಂಬಿಯ ಪ್ರೋಟೀನ್ ಇದ್ದರೆ ಅದನ್ನು ಹಿಡಿದುಕೊಂಡೇ ಮುಂದೆ ಸಾಗುತ್ತವೆ. ಮುಂದೆ ಒಂದು ಕಡೆ ಅದೇ ಪ್ರೋಟೀನನ್ನು ಹಿಡಿಯುವ ಇನ್ನೊಂದು ಬಗೆಯ ಪ್ರತಿಕಾಯವನ್ನು ಗೆರೆಯಾಗಿ ಬಳಿದಿರುತ್ತಾರೆ. ಅಲ್ಲಿ ಎಲ್ಲವೂ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ಸಣ್ಣ ಚಿನ್ನದ ಕಣಗಳು ಕಣ್ಣಿಗೆ ಕೆಂಪಾಗಿ ಕಾಣುವುದರಿಂದ ಕೆಂಪು ಗೆರೆ ಮೂಡುತ್ತದೆ. ಅದರಾಚೆ ಇರುವುದು ಕಂಟ್ರೋಲ್ ಗೆರೆ.

ಈ ಕಂಟ್ರೋಲ್ ಗೆರೆಯ ಮೇಲೆ ಎಲ್ಲರಿಗೂ ಅತಿ ನಂಬಿಕೆ. ಅದು ಮೂಡಿತು ಅಂದರೆ ಪರೀಕ್ಷೆ ಸರಿಯಾಗಿದೆ ಅಂತ ಲೆಕ್ಕ. ನಿಜವಾಗಿ ಅದು ಹೇಳುವುದು ಇಷ್ಟೇ: ದ್ರವ ಕೊನೆಯವರೆಗೆ ಹರಿಯಿತು, ಬಣ್ಣದ ಕಣಗಳು ಜೊತೆಗೆ ಬಂದವು. ರಕ್ತ ಸಾಕಷ್ಟು ಹಾಕಿದ್ದಾರಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಪಕ್ಕದ ಟೆಸ್ಟ್ ಗೆರೆಯ ಪ್ರತಿಕಾಯ ಬಿಸಿಗೆ ಕೆಟ್ಟುಹೋಗಿದ್ದರೆ ಅದೂ ಗೊತ್ತಾಗುವುದಿಲ್ಲ. ಈ ಕಿಟ್‌ಗಳಲ್ಲಿ ಹಲವನ್ನು 30 ಡಿಗ್ರಿ, ಕೆಲವನ್ನು 40 ಡಿಗ್ರಿ ಸೆಲ್ಸಿಯಸ್‌ವರೆಗೆ ಇಡಬಹುದು. ಬಿಸಿಲಲ್ಲಿ ನಿಂತ ಲಾರಿಯ ಒಳಗೆ, ತಗಡಿನ ಸೂರಿನ ಗೋದಾಮಿನಲ್ಲಿ ಆ ಮಿತಿ ಯಾವಾಗಲೋ ದಾಟಿರುತ್ತದೆ. ಕೆಟ್ಟ ಕಿಟ್ ನೋಡೋಕೆ ಒಳ್ಳೆಯ ಕಿಟ್ ಥರಾನೇ ಇರುತ್ತದೆ. ಕಂಟ್ರೋಲ್ ಗೆರೆ ಚೆನ್ನಾಗಿಯೇ ಬರುತ್ತದೆ, ಟೆಸ್ಟ್ ಗೆರೆ ಬರುವುದಿಲ್ಲ, ರೋಗಿಗೆ ಮಲೇರಿಯಾ ಇಲ್ಲ ಅಂತ ಬರೆದು ಕಳಿಸುತ್ತಾರೆ.

ಸಮಯದ್ದೂ ಒಂದು ತೊಂದರೆ. ಪೊಟ್ಟಣದ ಮೇಲೆ 15 ನಿಮಿಷ ಅಂತ ಇದ್ದರೆ 15 ನಿಮಿಷಕ್ಕೇ ಓದಬೇಕು. ಐದು ನಿಮಿಷಕ್ಕೆ ನೋಡಿದರೆ ಮಸುಕು ಗೆರೆ ಇನ್ನೂ ಬಂದಿರುವುದಿಲ್ಲ. ಒಂದು ಗಂಟೆ ಬಿಟ್ಟು ನೋಡಿದರೆ ಪಟ್ಟಿ ಒಣಗುವಾಗ ದ್ರವ ಹಿಂದಕ್ಕೆ ಸರಿದು, ಇಲ್ಲದ ಗೆರೆ ಇದ್ದಂತೆ ಕಾಣಬಹುದು. ಬಾಗಿಲಲ್ಲಿ ನಲವತ್ತು ಜನ ಕಾಯುತ್ತಿರುವಾಗ ಒಬ್ಬಳೇ ನರ್ಸ್ ಎಂಟು ಪಟ್ಟಿಗಳನ್ನು ಸಾಲಾಗಿಟ್ಟು ಒಂದೊಂದಕ್ಕೂ ಗಡಿಯಾರ ನೋಡುತ್ತಾ ಕೂರಬೇಕು. ಸುಲಭದ ಪರೀಕ್ಷೆ ಅಂತ ಹೇಳುವವರು ಈ ನರ್ಸ್ ಪಕ್ಕದಲ್ಲಿ ಒಂದು ದಿನ ನಿಂತು ನೋಡಬೇಕು. ಕೆಲಸ ಲ್ಯಾಬ್‌ನಿಂದ ಮಾಯವಾಗಿಲ್ಲ. ಅವಳ ಮೇಜಿನ ಮೇಲೆ ಬಂದು ಕೂತಿದೆ, ಅಷ್ಟೇ.

ಇದಿಷ್ಟೂ ಮನುಷ್ಯರ ಕಡೆಯಿಂದ ಆಗುವಂಥದ್ದು. ರೋಗಾಣುವಿನ ಕಡೆಯಿಂದಲೂ ಒಂದು ದೊಡ್ಡ ಏಟು ಬಿದ್ದಿದೆ. ಮಲೇರಿಯಾದಲ್ಲಿ ಅತಿ ಅಪಾಯಕಾರಿಯಾದ ಫಾಲ್ಸಿಪಾರಂ ಬಗೆಯನ್ನು ಹಿಡಿಯಲು ಬಹುತೇಕ ಕಿಟ್‌ಗಳು ಹುಡುಕುವುದು ಎಚ್‌ಆರ್‌ಪಿ-2 ಅನ್ನುವ ಒಂದು ಪ್ರೋಟೀನನ್ನು. ಪರಾವಲಂಬಿ ಅದನ್ನು ಧಾರಾಳವಾಗಿ ತಯಾರಿಸುತ್ತದೆ, ಬಿಸಿಗೂ ಪ್ರೋಟೀನ್ ಬೇಗ ಕೆಡುವುದಿಲ್ಲ. ಹಾಗಾಗಿ ಎಲ್ಲರೂ ಅದನ್ನೇ ನೆಚ್ಚಿಕೊಂಡರು. 2010ರಲ್ಲಿ ಪೆರು ದೇಶದ ಅಮೆಜಾನ್ ಭಾಗದಲ್ಲಿ, ಆ ಪ್ರೋಟೀನ್ ತಯಾರಿಸುವ ಜೀನ್ ಇಲ್ಲದ ಪರಾವಲಂಬಿಗಳು ಪತ್ತೆಯಾದ ವರದಿ ಬಂತು. ರೋಗಿ ಜ್ವರದಲ್ಲಿ ಬೇಯುತ್ತಿದ್ದರೂ ಪಟ್ಟಿ ನೆಗೆಟಿವ್ ತೋರಿಸುತ್ತದೆ. ಆಮೇಲೆ ಎರಿಟ್ರಿಯಾದಲ್ಲಿ ಇದು ಎಷ್ಟು ಜಾಸ್ತಿಯಾಯಿತೆಂದರೆ, 2016ರಲ್ಲಿ ಆ ದೇಶ ತನ್ನ ಕಿಟ್‌ಗಳನ್ನೇ ಬದಲಾಯಿಸಿತು. ಇಥಿಯೋಪಿಯಾ, ಜಿಬೂಟಿಯಲ್ಲೂ ಇದೇ ಕಾಟ. ಈ ಜೀನ್ ಇಲ್ಲದ ಕಾರಣಕ್ಕೆ ಕಿಟ್ ಕಣ್ಣಿಗೆ ಬೀಳದ ರೋಗಿಗಳು ಶೇ 5ಕ್ಕಿಂತ ಹೆಚ್ಚಾದರೆ ಬೇರೆ ಕಿಟ್‌ಗೆ ಹೋಗಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇಲ್ಲೊಂದು ವಿಷಯ ಗಮನಿಸಬೇಕು. ಪರೀಕ್ಷೆಗೆ ಸಿಕ್ಕ ಪರಾವಲಂಬಿಗೆ ಔಷಧಿ ಬೀಳುತ್ತದೆ, ಅದು ಸಾಯುತ್ತದೆ. ಸಿಗದ್ದು ಉಳಿದು, ಸೊಳ್ಳೆಯ ಮೂಲಕ ಇನ್ನೊಬ್ಬರಿಗೆ ದಾಟುತ್ತದೆ. ಅಂದರೆ ನಾವು ಒಂದೇ ಬಗೆಯ ಪರೀಕ್ಷೆಯನ್ನು ನೆಚ್ಚಿಕೊಂಡಷ್ಟೂ ಅದರ ಕಣ್ಣು ತಪ್ಪಿಸುವ ಪರಾವಲಂಬಿಗೆ ದಾರಿ ಸಲೀಸಾಗುತ್ತದೆ. ಔಷಧಿಗೆ ಬಗ್ಗದ ರೋಗಾಣುಗಳ ಬಗ್ಗೆ ನಾವು ಕೇಳಿದ್ದೇವೆ. ಪರೀಕ್ಷೆಗೆ ಬಗ್ಗದವೂ ಇವೆ ಅನ್ನುವುದು ಜನರಿಗೆ ಅಷ್ಟಾಗಿ ತಲುಪಿಲ್ಲ.

ಅದೇ ಪ್ರೋಟೀನಿಂದ ಉಲ್ಟಾ ತೊಂದರೆಯೂ ಇದೆ. ಮಲೇರಿಯಾ ವಾಸಿಯಾದ ಮೇಲೂ ಅದು ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಹೋದ ತಿಂಗಳ ಮಲೇರಿಯಾಕ್ಕೆ ಇವತ್ತು ಗೆರೆ ಮೂಡಬಹುದು. ಇವತ್ತಿನ ಜ್ವರಕ್ಕೆ ಕಾರಣ ನ್ಯುಮೋನಿಯಾ ಆಗಿದ್ದರೆ ಆ ಗೆರೆ ದಾರಿ ತಪ್ಪಿಸುತ್ತದೆ. ಸಿಫಿಲಿಸ್ ಕಿಟ್‌ಗಳದ್ದು ಇನ್ನೂ ಹೆಚ್ಚು. ಒಮ್ಮೆ ರೋಗ ಬಂದು ಪೂರ್ತಿ ಗುಣವಾದವರಲ್ಲೂ ಅವು ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ತೋರಿಸುತ್ತವೆ.

ಇನ್ನು ಲೆಕ್ಕಕ್ಕೆ ಬರೋಣ. ಇದನ್ನು ಕೊಂಚ ನಿಧಾನವಾಗಿ ನೋಡಲೇಬೇಕು. ಯಾಕೆಂದರೆ ಪೊಟ್ಟಣದ ಮೇಲಿನ "ಶೇ 98 ನಿಖರ" ಅನ್ನುವ ಮಾತು ನೋಡಿ ಓದಿದವರೂ ಮೋಸ ಹೋಗುತ್ತಾರೆ. ಒಂದು ಕಿಟ್ ಇದೆ ಅಂದುಕೊಳ್ಳಿ. ರೋಗ ಇರುವ ನೂರು ಜನರಲ್ಲಿ 98 ಜನರನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 98 ಜನರಿಗೆ ಇಲ್ಲ ಅನ್ನುತ್ತದೆ. ರೋಗ ಲಕ್ಷಣ ಇದ್ದು ಆಸ್ಪತ್ರೆಗೆ ಬಂದ 1,000 ಜನರಲ್ಲಿ 200 ಜನರಿಗೆ ನಿಜವಾಗಿ ರೋಗ ಇದೆ ಅಂತಿಟ್ಟುಕೊಳ್ಳೋಣ. ಕಿಟ್ ಅವರಲ್ಲಿ 196 ಜನರನ್ನು ಹಿಡಿಯುತ್ತದೆ. ಆ ರೋಗ ಇಲ್ಲದ ಉಳಿದ 800 ಜನರಲ್ಲಿ 16 ಜನರಿಗೆ ತಪ್ಪಾಗಿ ಪಾಸಿಟಿವ್ ಕೊಡುತ್ತದೆ. ಒಟ್ಟು 212 ಪಾಸಿಟಿವ್, ಅದರಲ್ಲಿ 196 ನಿಜ. ಪರವಾಗಿಲ್ಲ ಅಲ್ವಾ? ಈಗ ಅದೇ ಕಿಟ್ ಹಿಡಿದು ಮನೆಮನೆಗೆ ಹೋಗಿ, ಲಕ್ಷಣ ಏನೂ ಇಲ್ಲದ 1,000 ಜನರನ್ನು ಪರೀಕ್ಷಿಸಿ. ಅವರಲ್ಲಿ ರೋಗ ಇರುವವರು ಬರೀ 5 ಜನ. ಕಿಟ್ ಆ ಐದನ್ನೂ ಹಿಡಿಯಿತು ಅನ್ನಿ. ಉಳಿದ 995 ಜನರಲ್ಲಿ ಸುಮಾರು 20 ಜನಕ್ಕೆ ತಪ್ಪು ಪಾಸಿಟಿವ್ ಬರುತ್ತದೆ. ಗೆರೆ ಮೂಡಿದ 25 ಜನರಲ್ಲಿ ರೋಗ ಇರುವವರು ಐದೇ. ಕಿಟ್ ಬದಲಾಗಿಲ್ಲ, ಅದನ್ನು ಯಾರ ಮೇಲೆ ಬಳಸಿದೆವು ಅನ್ನುವುದು ಬದಲಾಗಿದೆ. ಎರಡನೇ ಪರೀಕ್ಷೆಯ ಏರ್ಪಾಟಿಲ್ಲದೆ ಇಂಥ ಮನೆಮನೆ ತಪಾಸಣೆ ಶುರು ಮಾಡುವುದು ಅನ್ಯಾಯ. ಎಚ್‌ಐವಿ ವಿಷಯದಲ್ಲಿ ಒಂದೇ ಕಿಟ್ ನೋಡಿ ತೀರ್ಮಾನ ಹೇಳಬಾರದು ಅನ್ನುವ ನಿಯಮ ಇರುವುದೂ ಇದಕ್ಕೇ.

ಹಾಗಾದರೆ ನಿಖರತೆ ಜಾಸ್ತಿ ಇದ್ದರೆ ಎಲ್ಲ ಸರಿಹೋಗುತ್ತದಾ? ಇಲ್ಲಿಗೆ ಬಂದಾಗ ನನಗೆ ತುಂಬಾ ಮುಖ್ಯ ಅನ್ನಿಸುವ ಮೂರು ಅಧ್ಯಯನಗಳಿವೆ. ಮೂರೂ ಆಫ್ರಿಕಾದಲ್ಲಿ ನಡೆದವು.

ಮೊದಲನೆಯದು ಮೊಜಾಂಬಿಕ್‌ನದು, 2011ರಲ್ಲಿ ಪ್ರಕಟವಾದದ್ದು. ಆಗ ಎಚ್‌ಐವಿ ಇರುವವರಿಗೆ ಔಷಧಿ ಶುರು ಮಾಡಬೇಕಾ ಅಂತ ತೀರ್ಮಾನಿಸಲು ಸಿಡಿ4 ಅನ್ನುವ ರಕ್ತಕಣಗಳನ್ನು ಎಣಿಸಬೇಕಿತ್ತು. ರಕ್ತ ದೂರದ ಲ್ಯಾಬ್‌ಗೆ ಹೋಗಿ, ರಿಪೋರ್ಟ್ ಬರುವಷ್ಟರಲ್ಲಿ ಜನ ಮತ್ತೆ ಬರುತ್ತಲೇ ಇರಲಿಲ್ಲ. ಔಷಧಿ ಶುರುವಾಗುವ ಮೊದಲೇ ಶೇ 64ರಷ್ಟು ಜನ ಕೈತಪ್ಪಿ ಹೋಗುತ್ತಿದ್ದರು. ಮೇಜಿನ ಮೇಲಿಡುವ ಚಿಕ್ಕ ಯಂತ್ರವನ್ನು ಕ್ಲಿನಿಕ್‌ಗೇ ತಂದಿಟ್ಟ ಮೇಲೆ ಅದು ಶೇ 33ಕ್ಕೆ ಇಳಿಯಿತು.

ಎರಡನೆಯದು ಕ್ಷಯ ರೋಗದ್ದು. ಜೀನ್‌ಎಕ್ಸ್‌ಪರ್ಟ್ ಅನ್ನುವ ಯಂತ್ರಕ್ಕೆ 2010ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಾಗ ಎಲ್ಲರೂ ಸಂಭ್ರಮಿಸಿದರು. ಸೂಕ್ಷ್ಮದರ್ಶಕಕ್ಕೆ ಕಾಣದ ಕ್ಷಯವನ್ನೂ ಕಫದಿಂದ ಎರಡೇ ಗಂಟೆಯಲ್ಲಿ ಹಿಡಿಯುತ್ತದೆ. ರಿಫಾಂಪಿಸಿನ್ ಔಷಧಿಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಅಂತಲೂ ಹೇಳುತ್ತದೆ. ಇದನ್ನು ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಜಾಂಬಿಯಾ, ತಾಂಜಾನಿಯಾದ ಕ್ಲಿನಿಕ್‌ಗಳಲ್ಲಿ ನರ್ಸ್‌ಗಳ ಕೈಗೆ ಕೊಟ್ಟು ನೋಡಿದರು. 2014ರಲ್ಲಿ ಫಲಿತಾಂಶ ಬಂತು. ನರ್ಸ್‌ಗಳು ಯಂತ್ರವನ್ನು ಚೆನ್ನಾಗಿಯೇ ನಡೆಸಿದರು. ಅದೇ ದಿನ ಔಷಧಿ ಶುರುವಾದವರ ಸಂಖ್ಯೆಯೂ ಏರಿತು. ಆದರೆ ಕೆಲವು ತಿಂಗಳ ನಂತರ ನೋಡಿದಾಗ, ರೋಗಿಗಳು ಅನುಭವಿಸುವ ಕಾಯಿಲೆಯ ಭಾರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಾಕೆ? ಹಳೆಯ ಪದ್ಧತಿಯಲ್ಲೂ ಅಲ್ಲಿನ ವೈದ್ಯರು ಸುಮ್ನೆ ಕೂತಿರಲಿಲ್ಲ. ಕಫ ನೆಗೆಟಿವ್ ಬಂದರೂ ಲಕ್ಷಣ, ಎಕ್ಸ್‌ರೇ ನೋಡಿ ಕ್ಷಯದ ಔಷಧಿ ಕೊಡುತ್ತಿದ್ದರು. ಹೊಸ ಯಂತ್ರದಲ್ಲಿ ಪತ್ತೆಯಾದವರಲ್ಲಿ ಬಹಳಷ್ಟು ಜನ ಹೇಗೂ ಚಿಕಿತ್ಸೆಗೆ ಬರುವವರೇ ಆಗಿದ್ದರು.

ಮೂರನೆಯದು ಇನ್ನೂ ಅಚ್ಚರಿಯದು. ಮೂತ್ರದಲ್ಲಿ ಕ್ಷಯದ ಅಂಶ ಹುಡುಕುವ ಲ್ಯಾಮ್ ಅನ್ನುವ ಕಾಗದದ ಪಟ್ಟಿ ಇದೆ. ನಿಖರತೆಯ ಲೆಕ್ಕದಲ್ಲಿ ಇದು ತೀರಾ ಸಾಧಾರಣ. ಎಚ್‌ಐವಿ ಇರುವ ಕ್ಷಯ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರನ್ನು ಹಿಡಿಯದೆ ಬಿಟ್ಟುಬಿಡುತ್ತದೆ. ಆದರೂ ಆಸ್ಪತ್ರೆಗೆ ದಾಖಲಾದ ಎಚ್‌ಐವಿ ರೋಗಿಗಳ ಮೇಲೆ ಇದನ್ನು ಬಳಸಿದಾಗ, ಎಂಟು ವಾರದೊಳಗಿನ ಸಾವು ಶೇ 25ರಿಂದ ಶೇ 21ಕ್ಕೆ ಇಳಿದದ್ದು 2016ರ ಅಧ್ಯಯನದಲ್ಲಿ ಕಂಡಿತು. ಇಷ್ಟು ಕಾಯಿಲೆ ಬಿದ್ದವರಿಗೆ ಕೆಮ್ಮಿ ಕಫ ಕೊಡಲೂ ಶಕ್ತಿ ಇರುವುದಿಲ್ಲ. ಮೂತ್ರ ಕೊಡಬಲ್ಲರು. ರೋಗ ಮೈತುಂಬಾ ಹರಡಿ ಸಾವಿಗೆ ಹತ್ತಿರ ಇರುವವರಲ್ಲೇ ಈ ಪಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಸಿಗೆ ಪಕ್ಕದಲ್ಲೇ ಉತ್ತರ, ಆ ವಾರ್ಡಿನಲ್ಲೇ ಔಷಧಿ.

ಮೂರನ್ನೂ ಒಟ್ಟಿಗಿಟ್ಟು ನೋಡಿ. ದುಬಾರಿಯ, ಅತಿ ನಿಖರವಾದ ಯಂತ್ರದಿಂದ ರೋಗಿಗೆ ಆದ ಲಾಭ ಕಾಣಲಿಲ್ಲ. ಸಾಧಾರಣ ಕಾಗದದ ಪಟ್ಟಿ ಜೀವ ಉಳಿಸಿತು. ಎಲ್ಲಿ ತಡೆ ಇತ್ತೋ ಅಲ್ಲಿಗೆ ಹೋದ ಪರೀಕ್ಷೆ ಫಲ ಕೊಟ್ಟಿತು. ಮೊಜಾಂಬಿಕ್‌ನಲ್ಲಿ ತಡೆ ಇದ್ದದ್ದು ಕಾಯುವುದರಲ್ಲಿ. ವಾರ್ಡಿನಲ್ಲಿ ತಡೆ ಇದ್ದದ್ದು ಕಫ ಸಿಗದೇ ಇದ್ದದ್ದರಲ್ಲಿ. ಕ್ಷಯದ ಕ್ಲಿನಿಕ್‌ಗಳಲ್ಲಿ ತಡೆ ಬೇರೆಲ್ಲೋ ಇತ್ತು: ರೋಗ ತೀರಾ ಬಲಿತ ಮೇಲೆ ಜನ ಬರುತ್ತಿದ್ದರು, ಎಷ್ಟೋ ಜನ ಬರುತ್ತಲೇ ಇರಲಿಲ್ಲ. ಕ್ಲಿನಿಕ್‌ನೊಳಗೆ ಎಂಥ ಯಂತ್ರ ಇಟ್ಟರೂ ಬಾಗಿಲಾಚೆ ಇರುವವರನ್ನು ಅದು ಪರೀಕ್ಷಿಸಲಾರದು. ಜೀನ್‌ಎಕ್ಸ್‌ಪರ್ಟ್ ಬೇಡ ಅನ್ನುತ್ತಿಲ್ಲ. ಔಷಧಿಗೆ ಬಗ್ಗದ ಕ್ಷಯ ಹಿಡಿಯಲು ಅದು ಬೇಕೇ ಬೇಕು. ಹೊಸ ಸಾಧನ ಕೊಳ್ಳುವ ಮೊದಲು ರೋಗಿ ಎಲ್ಲಿ ಕೈತಪ್ಪುತ್ತಿದ್ದಾನೆ ಅಂತ ನೋಡಬೇಕು, ಅದನ್ನು ಹೆಚ್ಚಿನವರು ನೋಡುವುದಿಲ್ಲ.

ನೆಗೆಟಿವ್ ಬಂದವರ ಕಥೆಯಂತೂ ಯಾರಿಗೂ ಬೇಡವಾಗಿದೆ. ಅನುಮಾನ ಬಂದವರಿಗೆಲ್ಲ ಪರೀಕ್ಷೆ ಮಾಡಿಯೇ ಮಲೇರಿಯಾ ಔಷಧಿ ಕೊಡಿ ಅಂತ 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅದಕ್ಕೂ ಮೊದಲು ಎಷ್ಟೋ ಕಡೆ ಜ್ವರ ಅಂದರೆ ಮಲೇರಿಯಾ ಅಂತಲೇ ನಡೆಯುತ್ತಿತ್ತು. ಕಿಟ್ ಬಂದಿದ್ದರಿಂದ ಔಷಧಿ ಪೋಲಾಗುವುದು ತಗ್ಗಿತು, ಇದು ದೊಡ್ಡ ಗೆಲುವೇ. ಆದರೆ ಪಟ್ಟಿ ಮಲೇರಿಯಾ ಇಲ್ಲ ಅಂದಾಗ ನರ್ಸ್ ಮುಂದೆ ಇರುವುದು ಜ್ವರದ ಮಗು, ಆತಂಕದ ತಾಯಿ, ಬೇರೆ ಯಾವ ಪರೀಕ್ಷೆಯೂ ಇಲ್ಲದ ಕಪಾಟು. ಬರಿಗೈಲಿ ಕಳಿಸಲು ಮನಸ್ಸು ಬರುತ್ತದಾ? ಕೆಲವು ಕಡೆ ನೆಗೆಟಿವ್ ಬಂದರೂ ಮಲೇರಿಯಾ ಮಾತ್ರೆ ಕೊಟ್ಟರು. ಇನ್ನೂ ಹೆಚ್ಚಿನ ಕಡೆ ಆ್ಯಂಟಿಬಯೋಟಿಕ್ ಕೊಟ್ಟರು. ಮಲೇರಿಯಾ ಕಿಟ್ ಬಂದ ಕಡೆ ಆ್ಯಂಟಿಬಯೋಟಿಕ್ ಬರೆಯುವುದು ಏರಿದ್ದನ್ನು ಹಲವು ದೇಶಗಳ ಅಧ್ಯಯನಗಳು ದಾಖಲಿಸಿವೆ. ಇದಕ್ಕೆ ನರ್ಸನ್ನು ಬೈದು ಪ್ರಯೋಜನ ಇಲ್ಲ. ಒಂದೇ ಪ್ರಶ್ನೆಗೆ ಉತ್ತರ ಕೊಡುವ ಕಿಟ್ ಅವಳ ಕೈಲಿಟ್ಟು, ಉಳಿದ ನೂರೇಳು ಕಾರಣಗಳನ್ನು ಅವಳ ತಲೆಗೇ ಕಟ್ಟಿದ್ದೇವೆ. ಮುಂದಿನ ಸಂಶೋಧನೆ ಹೋಗಬೇಕಾದ್ದು ಇಲ್ಲಿಗೆ. ಬ್ಯಾಕ್ಟೀರಿಯಾ ಸೋಂಕೋ ವೈರಸ್ಸೋ ಅಂತ ಹೇಳುವ, ಅಥವಾ ಜ್ವರದ ನಾಲ್ಕಾರು ಕಾರಣಗಳನ್ನು ಒಂದೇ ಸಲ ನೋಡುವ, ಬಿಸಿ ತಡೆಯುವ ಅಗ್ಗದ ಪಟ್ಟಿ.

ಯಂತ್ರಗಳ ಬಗ್ಗೆ ಕೊಂಚ. ಜೀನ್‌ಎಕ್ಸ್‌ಪರ್ಟ್‌ಗೆ ನಿಲ್ಲದ ಕರೆಂಟು ಬೇಕು, ಕೋಣೆ 30 ಡಿಗ್ರಿಗಿಂತ ಬಿಸಿಯಾಗಬಾರದು, ವರ್ಷಕ್ಕೊಮ್ಮೆ ಅಳತೆ ಸರಿಪಡಿಸಬೇಕು. 2012ರಲ್ಲಿ ಬಡ ದೇಶಗಳಿಗೆ 9.98 ಡಾಲರ್ ಅಂತ ನಿಗದಿಯಾಗಿದ್ದ ಒಂದು ಕ್ಷಯ ಪರೀಕ್ಷೆಗೆ ಯಂತ್ರದೊಳಗೆ ಹಾಕುವ ಕಾರ್ಟ್ರಿಜ್‌ನ ಬೆಲೆ, ಹತ್ತು ವರ್ಷ ಒತ್ತಾಯ ಮಾಡಿದ ಮೇಲೆ, 2023ರಲ್ಲಿ 7.97 ಡಾಲರ್‌ಗೆ ಇಳಿಯಿತು. ಭಾರತದಲ್ಲಿ ತಯಾರಾದ ಟ್ರೂನ್ಯಾಟ್ ಅನ್ನುವ ಇಂಥದೇ ಯಂತ್ರ ಬ್ಯಾಟರಿಯಲ್ಲೇ ನಡೆಯುತ್ತದೆ. 2020ರಲ್ಲಿ ಅದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಇನ್ನು 2017ರಲ್ಲಿ ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ, ಗುಂಡಿಗೆ ದಾರ ಪೋಣಿಸಿ ಎಳೆದಾಡುವ ಮಕ್ಕಳ ಆಟಿಕೆಯ ತತ್ವದಲ್ಲೇ, ನಿಮಿಷಕ್ಕೆ 1,25,000 ಸುತ್ತು ತಿರುಗುವ ಕಾಗದದ ಸೆಂಟ್ರಿಫ್ಯೂಜ್ (ರಕ್ತವನ್ನು ಗಿರಗಿರ ತಿರುಗಿಸಿ ಅದರ ಅಂಶಗಳನ್ನು ಬೇರ್ಪಡಿಸುವ ಸಾಧನ) ಮಾಡಿ ತೋರಿಸಿತು. ಖರ್ಚು 20 ಸೆಂಟ್. ಇಂಥ ಜಾಣ್ಮೆ ನೋಡಿದರೆ ನಿಜಕ್ಕೂ ಖುಷಿಯಾಗುತ್ತದೆ. ಆದರೆ ಮಾದರಿ ಮಾಡುವುದಕ್ಕೂ, ಒಂದೇ ಗುಣಮಟ್ಟದಲ್ಲಿ ಲಕ್ಷಗಟ್ಟಲೆ ತಯಾರಿಸಿ, ತಯಾರಾದ ಪ್ರತಿ ಬ್ಯಾಚನ್ನೂ ಪರೀಕ್ಷಿಸಿ, ಹತ್ತು ವರ್ಷ ಬಿಡದೆ ಪೂರೈಸುವುದಕ್ಕೂ ತುಂಬಾ ದೂರ ಇದೆ. ಒಳ್ಳೆಯ ಐಡಿಯಾಗಳು ಬಹಳಷ್ಟು ಸತ್ತದ್ದು ಈ ದೂರದಲ್ಲೇ.

ದುಡ್ಡಿನ ಲೆಕ್ಕದಲ್ಲೂ ಇದೇ ಆಗುತ್ತದೆ. ಟೆಂಡರ್ ಕರೆಯುವಾಗ ಪಟ್ಟಿಯ ಬೆಲೆ ನೋಡುತ್ತಾರೆ. ಕೈಗವಸು, ಬೆರಳು ಚುಚ್ಚುವ ಸೂಜಿ, ಬಳಸಿದ ಸೂಜಿ ಹಾಕುವ ಡಬ್ಬಿ, ಸಾಗಣೆ, ವರ್ಷಕ್ಕೆರಡು ಸಲ ತರಬೇತಿ, ಬಂದ ಕಿಟ್‌ಗಳಲ್ಲಿ ಕೆಲವನ್ನು ಗೊತ್ತಿರುವ ಸ್ಯಾಂಪಲ್ ಹಾಕಿ ಪರೀಕ್ಷಿಸುವ ಕೆಲಸ, ಇವಕ್ಕೆಲ್ಲ ಬಜೆಟ್ಟಿನಲ್ಲಿ ಜಾಗವೇ ಇರುವುದಿಲ್ಲ. ಔಷಧಿಯದ್ದು ಬೇರೆ ಇಲಾಖೆ, ಬೇರೆ ಟೆಂಡರ್. ಗರ್ಭಿಣಿಯರಿಗೆ ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ಒಂದೇ ಪಟ್ಟಿಯಲ್ಲಿ ನೋಡಿ ಅಂತ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟಿತು. ಸಿಫಿಲಿಸ್ ಇದ್ದರೆ ಹೊಟ್ಟೆಯ ಮಗುವನ್ನು ಕಾಪಾಡಲು ಬೆಂಜಥಿನ್ ಪೆನಿಸಿಲಿನ್ ಇಂಜೆಕ್ಷನ್ ಬೇಕು. ದಶಕಗಳಷ್ಟು ಹಳೆಯ, ಅಗ್ಗದ ಔಷಧಿ. ಅದಕ್ಕೇ ಹಲವು ದೇಶಗಳಲ್ಲಿ ಪದೇಪದೇ ಕೊರತೆ. ಹತ್ತು ನಿಮಿಷದಲ್ಲಿ ರೋಗ ಹೇಳಿ, ಇಂಜೆಕ್ಷನ್ ಬಂದ ಮೇಲೆ ಬಾ ಅಂತ ಗರ್ಭಿಣಿಯನ್ನು ಕಳಿಸಿದರೆ ಆ ಹತ್ತು ನಿಮಿಷದ ವೇಗ ಯಾರಿಗಾಗಿ?

2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆದಾಗ ಇದೆಲ್ಲ ಇನ್ನೂ ನಾಜೂಕಾಯಿತು. ಬಡ ದೇಶಗಳ ಎಚ್‌ಐವಿ, ಮಲೇರಿಯಾ ಕಿಟ್‌ಗಳಲ್ಲಿ ದೊಡ್ಡ ಪಾಲು ಇಂಥ ನೆರವಿನಿಂದಲೇ ಬರುತ್ತಿತ್ತು. ಕಿಟ್‌ಗಳನ್ನು ತಮ್ಮಲ್ಲೇ ತಯಾರಿಸಬೇಕು ಅನ್ನುವ ಮಾತಿಗೆ ಈಗ ಬಲ ಬಂದಿದೆ. ಸೆನೆಗಲ್‌ನ ಡಾಕರ್‌ನಲ್ಲಿರುವ ಪಾಶ್ಚರ್ ಸಂಸ್ಥೆ ಅದಕ್ಕಾಗಿಯೇ ಒಂದು ಘಟಕ ಕಟ್ಟಿದೆ. ಇದು ಸರಿಯಾದ ದಾರಿ, ಖರ್ಚಿನ ದಾರಿಯೂ ಹೌದು. ಸಣ್ಣ ಪ್ರಮಾಣದಲ್ಲಿ ತಯಾರಿಸಿದ ಕಿಟ್ ಮೊದಲ ಕೆಲವು ವರ್ಷ ಆಮದು ಮಾಡಿದ್ದಕ್ಕಿಂತ ದುಬಾರಿ ಬೀಳಬಹುದು. ಸರ್ಕಾರಗಳು ಅಷ್ಟು ವರ್ಷ ಕೊಳ್ಳುತ್ತೇವೆ ಅಂತ ಮೊದಲೇ ಬರೆದುಕೊಡದಿದ್ದರೆ ಅಂಥ ಘಟಕ ಉಳಿಯುವುದಿಲ್ಲ. ಆ ಕರಾರಿನ ಜೊತೆಗೇ ಗುಣಮಟ್ಟ ತಪಾಸಣೆಯ ದುಡ್ಡನ್ನೂ, ಔಷಧಿಯ ದುಡ್ಡನ್ನೂ ಒಂದೇ ಹಾಳೆಯಲ್ಲಿ ಬರೆಯುವುದನ್ನು ಕಡ್ಡಾಯ ಮಾಡಬೇಕು. ಈಗ ದುಡ್ಡು ಕಮ್ಮಿಯಾದಾಗ ಮೊದಲು ಕತ್ತರಿ ಬೀಳುವುದು ಈ ಎರಡಕ್ಕೇ. ಕಿಟ್‌ಗಳು ಮಾತ್ರ ಎಣಿಕೆಗೆ ಸಿಗುತ್ತವೆ, ವರದಿಯಲ್ಲಿ ಚೆನ್ನಾಗಿ ಕಾಣುತ್ತವೆ, ಹಾಗಾಗಿ ಬರುತ್ತಲೇ ಇರುತ್ತವೆ.